ತೆರೆದ ಕಪಾಟು

ಫೆಬ್ರುವರಿ 3, ಮಂಗಳವಾರ. ಸೇಡಂ

ಬೆಳಗ್ಗೆಯಿಂದ ‘ದನಿಪುಸ್ತಕ’ ತೆರೆಯುತ್ತಿಲ್ಲ. ಮೊದಲು ನಮ್ಮ ಮನೆಯ ನೆಟ್ ಹೋಗಿದೆ ಅಂದುಕೊಂಡೆ. ಆದರೆ ಅಡುಗೆ ವಿಡಿಯೊ ಓಡುತ್ತದೆ, ವಾಟ್ಸಾಪ್ ಓಡುತ್ತದೆ, ಇದೊಂದು ಮಾತ್ರ ಇಲ್ಲ. ಬಿಳಿ ಪರದೆಯ ಮೇಲೆ ಒಂದೇ ಸಾಲು: ಸರ್ಕಾರದ ಆದೇಶದ ಮೇರೆಗೆ ಈ ತಾಣವನ್ನು ತಡೆಹಿಡಿಯಲಾಗಿದೆ. ಯಾವ ಆದೇಶ, ಯಾಕೆ, ಯಾರನ್ನು ಕೇಳಬೇಕು, ಏನೂ ಇಲ್ಲ.

ನಾಲ್ಕು ವರ್ಷದಿಂದ ಈ ತಾಣಕ್ಕೆ ಪುಸ್ತಕ ಓದಿ ಕೊಡುತ್ತಿದ್ದೇನೆ, ಕಣ್ಣು ಕಾಣದವರು ಕೇಳಿ ಕಲಿಯಲಿ ಅಂತ. ನಮ್ಮ ಮನೆಯವರು ಸಿಮೆಂಟ್ ಫ್ಯಾಕ್ಟರಿಗೆ ಹೋದ ಮೇಲೆ ಒಳಕೋಣೆಯ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ತಲೆ ಮೇಲೆ ಕೌದಿ ಹೊದ್ದುಕೊಂಡು ಮೊಬೈಲಿಗೆ ಓದುವುದು. ಲಾರಿ ಹೋದರೆ ನಿಲ್ಲಿಸಿ, ಮತ್ತೆ ಆ ಸಾಲಿನಿಂದಲೇ ಓದುವುದು. ನಲವತ್ತೊಂದು ಪುಸ್ತಕ ಆಗಿವೆ. ಕೇಳಿದವರ ಮುಖ ಒಂದೂ ನೋಡಿಲ್ಲ.

ಸಂಘಪಾಲ ಸರ್‌ಗೆ ಫೋನ್ ಮಾಡಿದೆ. ತಾಣ ಕಟ್ಟಿದವರು ಅವರೇ. ಚಿತ್ತಾಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ.

“ನನಗೂ ಏನೂ ತಿಳಿವಲ್ದು ಮೇಡಂ. ಒಂದು ಕಾಗದಿಲ್ಲ, ಒಂದು ಫೋನಿಲ್ಲ. ಒಂಬೈನೂರು ಪುಸ್ತಕಕ್ಕ ಬೀಗ ಹಾಕ್ಯಾರ. ನಾ ವಿಚಾರಿಸ್ತೀನಿ. ನೀವು ಓದೋದು ಬಿಡಬ್ಯಾಡ್ರಿ.”

ಓದಲಿಲ್ಲ. ಕೂತಲ್ಲಿ ಕೂಡಲಿಕ್ಕೇ ಆಗಲಿಲ್ಲ.

ಫೆಬ್ರುವರಿ 4, ಬುಧವಾರ

ಇವತ್ತೂ ಇಲ್ಲ. ಎಷ್ಟು ಸಲ ನೋಡಿದೆನೋ. ಬೇಳೆ ತಳ ಹತ್ತಿತು.

ಫೆಬ್ರುವರಿ 6, ಶುಕ್ರವಾರ

ಸರ್ ಫೋನ್ ಮಾಡಿದ್ದರು. ಇಂಟರ್ನೆಟ್ಟಿನಲ್ಲಿ ಸಿನಿಮಾ, ಪುಸ್ತಕ ಕದಿಯುವುದನ್ನು ತಡೆಯಲು ಹೊಸ ಸುಗ್ರೀವಾಜ್ಞೆ ಬಂದಿದೆಯಂತೆ. ಯಾರಾದರೂ ‘ನನ್ನದು ಕದ್ದಿದ್ದಾರೆ’ ಅಂತ ದೂರು ಕೊಟ್ಟರೆ ಇಪ್ಪತ್ನಾಲ್ಕು ತಾಸಿನಲ್ಲಿ ಇಡೀ ತಾಣ ಬಂದ್. ಮೊದಲು ಬಂದ್, ವಿಚಾರಣೆ ಆಮೇಲೆ. ಇದನ್ನೇ ಕಾಯಂ ಕಾನೂನು ಮಾಡುವ ಮಸೂದೆ ಸಂಸತ್ತಿನ ಸಮಿತಿಯೊಂದರ ಮುಂದಿದೆ.

“ಕಣ್ಣಿಲ್ಲದವರಿಗಿ ಓದಿ ಕೊಡೋದು ಕಳವಲ್ಲ ಅಂತ ಹಳೇ ಕಾನೂನಿನಾಗೇ ಅದ,” ಅಂದರು. “ಅದಕ್ಕೇ ನಮ್ಮಲ್ಲಿ ಎರಡು ಕಪಾಟು ಮಾಡೀನಿ. ಸರ್ಕಾರಿ ಪಠ್ಯಪುಸ್ತಕ ತೆರೆದ ಕಪಾಟಿನಾಗ, ಯಾರರೇ ಕೇಳಲಿ. ಖಾಸಗಿ ಪುಸ್ತಕ ಬೀಗದ ಕಪಾಟಿನಾಗ, ಅಂಗವಿಕಲರ ಸರ್ಟಿಫಿಕೇಟ್ ಇದ್ದವರಿಗಿ ಅಷ್ಟೇ. ಆದ್ರ ದೂರು ಕೊಟ್ಟ ಪ್ರಕಾಶಕರು ಹೇಳ್ತಾರ, ಅವರ ಗೈಡ್ ತೆರೆದ ಕಪಾಟಿನಾಗಿತ್ತು, ಅಲ್ಲಿಂದ ಎತ್ತಿ ಊರೂರ ವಾಟ್ಸಾಪ್ ಗುಂಪಿಗಿ ಹಾಕ್ಯಾರ ಅಂತ.”

“ಯಾವ ಗೈಡ್ ಸರ್?”

“ಪಂಚಾಯತಿ ಕಾರ್ಯದರ್ಶಿ ಪರೀಕ್ಷಾದ್ದು.”

ಅದನ್ನು ಓದಿದವಳು ನಾನು. ಡಿಸೆಂಬರಿನಲ್ಲಿ. ಬೀಗದ ಕಪಾಟಿನಲ್ಲೇ ಇಟ್ಟಿದ್ದೆ. ಆಡಕಿಯಿಂದ ಮಾಳಮ್ಮ ಅನ್ನುವ ಕಣ್ಣು ಕಾಣದ ಹುಡುಗಿ ಫೋನ್ ಮಾಡಿ, “ಅಕ್ಕಾ, ಪಾಸ್‌ವರ್ಡ್ ಮರ್ತೀನಿ, ತೆರಿವಲ್ದು” ಅಂದಳು. ಎರಡು ದಿನದ ಮಟ್ಟಿಗೆ ಅಂತ ತೆರೆದ ಕಪಾಟಿಗೆ ಸರಿಸಿದೆ. ತಿರುಗಿ ಒಳಗೆ ಇಡುವುದು ಮರೆತೆ.

“ಹೊರಗಿನವರು ಯಾರೋ ಹೊಕ್ಕು ಮಾಡಿರಬೇಕು,” ಅಂದರು ಸರ್.

ನಾನು ಹೂಂ ಅಂದೆ.

ಹೂಂ ಅಂದೆ.

ಫೆಬ್ರುವರಿ 9, ಸೋಮವಾರ

ಇವರಿಗೆ ಹೇಳಿದೆ. ಹೇಳಬಾರದಿತ್ತು. ಬೂಟು ಬಿಚ್ಚುತ್ತಿದ್ದವರು ಒಂದು ಕಾಲಿನದು ಬಿಚ್ಚಿ ಹಾಗೇ ಕೂತರು.

“ಪೊಲೀಸರು ಮನಿಗಿ ಬಂದ್ರ ಏನ್ ಮಾಡ್ತಿ? ಫ್ಯಾಕ್ಟರಿದಾಗ ಗೊತ್ತಾದ್ರ ನಾ ಮಾರಿ ಹ್ಯಾಂಗ ತೋರ್ಸಲಿ? ನಿನ್ನ ಫೋನಿನಾಗ ಇದ್ದದ್ದೆಲ್ಲಾ ಅಳಿಸಿಬಿಡು. ಕೇಳಿದ್ರ ನಾ ಅಲ್ಲ ಅನ್ನು.”

ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅಂಜಿಕೊಂಡ ಗಂಡಸಿನ ಮುಖ ನೋಡುವುದು ಭಾಳ ಕಷ್ಟ.

ಅಡುಗೆಮನೆಯಲ್ಲಿ ನಿಂತು ಒಂದೊಂದೇ ಅಳಿಸುತ್ತ ಹೋದೆ. ಎಂಟನೇ ಇಯತ್ತೆಯ ವಿಜ್ಞಾನ, ಹತ್ತನೆಯದರ ಇತಿಹಾಸ. ಒಂದೊಂದು ಪಾಠಕ್ಕೂ ಒಂದೊಂದು ಮಧ್ಯಾಹ್ನದ ಬೆವರು ನೆನಪಿದೆ. ಪಡಸಾಲೆಯಲ್ಲಿ ಇವರು ಮನಸ್ಸು ಹಗುರ ಮಾಡಿಕೊಳ್ಳಲು ಮೊಬೈಲಿನಲ್ಲಿ ಸಿನಿಮಾ ಹಚ್ಚಿಕೊಂಡಿದ್ದರು. ಮೊನ್ನೆಯಷ್ಟೇ ಥೇಟರಿಗೆ ಬಂದ ಸಿನಿಮಾ. ಯಾರೋ ಥೇಟರಿನಲ್ಲಿ ಕೂತು ಕದ್ದು ಹಿಡಿದದ್ದು. ನಡುವೆ ಒಬ್ಬ ಎದ್ದು ಹೋಗುವುದೂ ಕಾಣುತ್ತದೆ.

“ರೀ, ಇದು ಕಳವಲ್ಲೇನು?”

“ಇದು ಎಲ್ಲಾರೂ ನೋಡ್ತಾರ.”

ಹನ್ನೊಂದು ಪಾಠ ಅಳಿಸಿದ್ದೆ. ಅಲ್ಲಿಗೆ ಬಿಟ್ಟೆ.

ಫೆಬ್ರುವರಿ 12, ಗುರುವಾರ

ಮಾಳಮ್ಮ ಫೋನ್ ಮಾಡಿದಳು.

“ಅಕ್ಕಾ, ಮಾರ್ಚ್ ಇಪ್ಪತ್ತೆರಡಕ್ಕ ಪರೀಕ್ಷಾ ಅದ. ಮೂರು ಅಧ್ಯಾಯ ಕೇಳಿದ್ದೆ, ಅಷ್ಟ್ರಾಗ ಬಂದ್ ಆತು. ಅಪ್ಪಗ ಅಕ್ಷರ ಬರಲ್ಲ, ಅಣ್ಣಗ ವ್ಯಾಳ್ಯಾ ಇಲ್ಲ. ಹೋದ ಸಲ ಎರಡು ಮಾರ್ಕ್ಸಿಗಿ ಹೋಗ್ಯದ ನಂದು.” ಆಮೇಲೆ, “ಅವತ್ತು ನಾ ಪಾಸ್‌ವರ್ಡ್ ಮರ್ತಿದ್ನಲ್ಲ, ಅದ್ರ ಸಲುವಾಗಿ ಏನರೇ ಆತೇನ್ರಿ?” ಅಂದಳು.

“ಇಲ್ಲವ್ವ. ನಿಂದೇನಿಲ್ಲ ಇದ್ರಾಗ.”

ನಾಲ್ಕನೇ ಅಧ್ಯಾಯವನ್ನು ಫೋನಿನಲ್ಲೇ ಓದಿದೆ. ಆ ಕಡೆ ಅವಳ ಉಸಿರು ಕೇಳುತ್ತಿತ್ತು. ಕೋಳಿ ಕೂಗಿತು. ಯಾರೋ ಕೊಡ ಇಳಿಸಿದರು. ಅರ್ಧಕ್ಕೆ ತಡೆದು, “ಅಕ್ಕಾ, ಭಾಳ ಜೋರ್ ಓಡಾಕತ್ತೀರಿ. ಕಲಂ ನಂಬರ್ ಎರಡು ಸಲ ಹೇಳ್ರಿ” ಅಂದಳು. ನಾಲ್ಕು ವರ್ಷದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ದಿನಾ ಮಧ್ಯಾಹ್ನ ಎರಡಕ್ಕೆ ಮಾಡು ಅಂದೆ.

ಫೆಬ್ರುವರಿ 15, ಭಾನುವಾರ

ಇವರಿಗೆ ಚಿಕ್ಕಮ್ಮನ ಮನೆಗೆ ಅಂತ ಹೇಳಿ ಶಹಾಬಾದಿಗೆ ಹೋಗಿದ್ದೆ. ಮಸೂದೆ ವಿರೋಧಿಸುವ ಸಭೆ. ಇನ್ನೂರು ಮಂದಿ ಇರಬಹುದು. ಕಾಲೇಜಿನ ಹುಡುಗ ಹುಡುಗಿಯರು, ವಕೀಲರು, ಬಿಳಿ ಕೋಲು ಹಿಡಿದವರು ಇಪ್ಪತ್ತು ಮಂದಿ. ಕುರ್ಚಿ ಸಾಲದೆ ಉಳಿದವರು ನೆಲದ ಫರಸಿ ಕಲ್ಲಿನ ಮೇಲೆ ಕೂತಿದ್ದರು. ಇಲ್ಲಿ ಅಷ್ಟೇ ಅಲ್ಲ, ಹುಬ್ಬಳ್ಳಿ, ಪುಣೆ, ಹೈದರಾಬಾದ್, ಎಲ್ಲ ಕಡೆ ಇಂಥ ಸಭೆ ನಡೆದಿವೆ ಅಂದರು. ಊರಿನ ಸುದ್ದಿ ಹಾಕುವ ಒಂದು ತಾಣ, ಹಳ್ಳಿ ಡಾಕ್ಟರೊಬ್ಬರ ಸಲಹೆಯ ತಾಣ, ಇಂಥವೂ ಬಂದ್ ಆಗಿವೆಯಂತೆ.

ವಕೀಲರೊಬ್ಬರು ಕರೀ ಬಟ್ಟೆ ತಂದಿದ್ದರು. ಎಲ್ಲರೂ ಕಣ್ಣಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ತನಕ ಮೆರವಣಿಗೆ ಹೋಗೋಣ ಅಂದರು. ಸಂಘಪಾಲ ಸರ್ ಎದ್ದು ನಿಂತರು.

“ಬಟ್ಟಿ ಕಟ್ಟಿಕೊಂಡ್ರ ನೀವು ನಾವಾಗಲ್ರಿ. ಎಡವಿ ಬೀಳ್ತೀರಿ ಅಷ್ಟೇ, ನಾವೇ ಎಬ್ಬಿಸಬೇಕಾಗ್ತದ. ಕಣ್ಣು ತಗದು ಮಸೂದೆ ಓದ್ರಿ, ಬಾಯಿ ತಗದು ಮಾತಾಡ್ರಿ. ಅದೇ ಭಾಳ ಆಯ್ತು.”

ಜನ ನಕ್ಕರು. ಬಟ್ಟೆ ಚೀಲಕ್ಕೆ ಹೋಯಿತು. ಸಮಿತಿಗೆ ಕಳಿಸುವ ಪತ್ರಕ್ಕೆ ಎಲ್ಲರೂ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು.

ಕೊನೆಗೆ ಸರ್ ಹೇಳಿದರು: “ನಮಗ ಓದಿ ಕೊಡೋರು ಮೂವತ್ತೆಂಟು ಮಂದಿ ಅದಾರ. ಅವರಾಗ ಒಬ್ಬರೂ ಇಂಥ ತಪ್ಪು ಮಾಡಿಲ್ಲ. ಇದು ನನ್ನ ಮಾತು.”

ಚಪ್ಪಾಳೆ. ನಾನೂ ಹೊಡೆದೆ. ಬಸ್ಸಿನಲ್ಲಿ ಬರುವಾಗ ನನ್ನ ಕೈ ನಾನೇ ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಫೆಬ್ರುವರಿ 17, ಮಂಗಳವಾರ

ಚಿತ್ತಾಪುರಕ್ಕೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ. ಊಟದ ಬಿಡುವಿನಲ್ಲಿ ಸರ್ ಶಾಲೆಯ ಬೇವಿನ ಗಿಡದ ಕೆಳಗೆ ಕೂತಿದ್ದರು. ನಿಂತೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಅಂತ.

“ಸರ್, ಆ ಗೈಡ್ ತೆರೆದ ಕಪಾಟಿಗಿ ಸರಿಸಿದಾಕಿ ನಾನು.”

ಅವರು ಕೋಲು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

“ಹನ್ನೊಂದು ದಿನ ಆಯ್ತು ಮೇಡಂ, ನಾ ನಿಮಗ ಫೋನ್ ಮಾಡಿ.”

“ಹೌದ್ರಿ.”

“ಶಹಾಬಾದಿನಾಗ ಅಷ್ಟು ಮಂದಿ ಮುಂದ ನನ್ನ ಮಾತು ಅಂತ ಹೇಳ್ದೆ. ನೀವು ಅಲ್ಲೇ ಇದ್ರಿ.”

“ಇದ್ದೆ ಸರ್.”

“ಮರೆಯೋದು ಎಲ್ಲಾರಿಗೂ ಆಗ್ತದ. ನಂಗೂ ಆಗ್ತದ. ಆದ್ರ ಸುಮ್ಮ ಕುಂತಿದ್ದು…” ಗಂಟೆ ಹೊಡೆಯಿತು. ಎದ್ದರು.

“ಕ್ಲಾಸಿನ ತನಕ ಬರ್ಲೇನ್ರಿ?” ಅಂತ ಕೇಳಿದೆ. ಯಾಕೆ ಕೇಳಿದೆನೋ.

“ದಾರಿ ಗೊತ್ತದ ನನಗ,” ಅಂದರು.

ಫೆಬ್ರುವರಿ 18, ಬುಧವಾರ

ಫೋನಿಲ್ಲ. ಮಾಳಮ್ಮನಿಗೆ ಏಳನೇ ಅಧ್ಯಾಯ. ಕಲಂ ನಂಬರ್ ಎರಡೆರಡು ಸಲ.

ಫೆಬ್ರುವರಿ 21, ಶನಿವಾರ

ಗೈಡಿನ ಹಿಂದಿನ ಪುಟದಲ್ಲಿ ಬರೆದವರ ವಿಳಾಸ ಇದೆ: ರೇವಣಸಿದ್ದ, ನಿವೃತ್ತ ಮುಖ್ಯ ಶಿಕ್ಷಕರು, ಸುಲೇಪೇಟ. ಮೂರು ದಿನದಿಂದ ಆ ಪುಟ ನೋಡುವುದು, ಮುಚ್ಚುವುದು. ಇವತ್ತು ಚಿಂಚೋಳಿ ಬಸ್ಸು ಹತ್ತಿದೆ.

ಮಾಸ್ತರರಿಗೆ ಎಪ್ಪತ್ತರ ಮೇಲಾಗಿದೆ. ಕಟ್ಟೆಯ ಮೇಲೆ ಕೂತು ಹಾಳೆ ತಿದ್ದುತ್ತಿದ್ದರು. ನಾನು ಎರಡು ಮಾತು ಆಡುವುದರೊಳಗೆ ಕನ್ನಡಕ ಮೇಲೆತ್ತಿದರು.

“ಆ ದನಿ ನೀನೇ ಏನವ್ವ?”

ವಾಟ್ಸಾಪಿನಲ್ಲಿ ಅವರಿಗೂ ಬಂದಿತ್ತಂತೆ. ಪೂರಾ ಕೇಳಿದ್ದರಂತೆ.

“ಎಂಟನೇ ಅಧ್ಯಾಯದಾಗ ಗ್ರಾಮಸಭಾದ ಕೋರಂ ತಪ್ಪು ಓದೀದಿ ಅಂತ ಸಿಟ್ಟು ಬಂತು. ಪುಸ್ತಕ ತಗದು ನೋಡಿದ್ರ ತಪ್ಪು ನಂದೇ. ನೀ ಇದ್ದದ್ದು ಇದ್ದಂಗ ಓದೀದಿ.” ನಗಲಿಲ್ಲ. “ಎರಡು ವರ್ಷ ಕುಂತು ಬರದೀನಿ ಇದನ್ನ. ನನಗ ಒಂದು ಕಾರ್ಡ್ ಬರೀಲಿಕ್ಕೆ ಆಗ್ತಿದ್ದಿಲ್ಲೇನು? ಬ್ಯಾಡ ಅಂತಿದ್ನೇನು ನಾ?”

“ತಪ್ಪಾಗ್ಯದ್ರಿ ಗುರುಗಳೆ.”

“ದೂರು ನಾ ಕೊಟ್ಟಿಲ್ಲ. ಪ್ರಕಾಶಕ ಕೊಟ್ಟಾನ, ನನಗೂ ಹೇಳಿಲ್ಲ. ಆದ್ರ ಅವಂದೇನು ಸುಳ್ಳಲ್ಲ. ಪುಕ್ಕಟೆ ಕಿವಿಗಿ ಬಿದ್ದ ಮ್ಯಾಲ ಪುಸ್ತಕ ಯಾರು ತಗೋತಾರ?”

ಚಹಾ ಬಂತು. ಸಹಿ ಪತ್ರ ಮುಂದಿಟ್ಟೆ. ಓದಿ ತಿರುಗಿ ಕೊಟ್ಟರು.

“ಇದ್ರಾಗ ಎಲ್ಲಾ ಸರ್ಕಾರದ ತಪ್ಪೇ ಅದ. ನಿಂದೆಲ್ಲಿ ಅದ? ನೀ ನಿನ್ನ ತಪ್ಪು ಆ ಸಮಿತಿ ಮುಂದ ಹೇಳ್ತಿ ಅಂದ್ರ ಹೇಳು, ನಾ ಬಂದು ನಿನ್ನ ಬಾಜೂಕ ನಿಂದರ್ತೀನಿ. ಸಹಿ ಮಾತ್ರ ಮಾಡಲ್ಲ.”

ಹೇಳ್ತೀನಿ ಅಂದೆ.

ಮಾರ್ಚ್ 2, ಸೋಮವಾರ

ಹದಿಮೂರು ದಿನದ ಮೇಲೆ ಸಂಘಪಾಲ ಸರ್ ಫೋನು. ಸಮಿತಿ ಹೈದರಾಬಾದಿಗೆ ಬರುತ್ತಿದೆ, ಐದನೇ ತಾರೀಖು. ನಮಗೆ ಮೂರು ನಿಮಿಷ ಕೊಟ್ಟಿದ್ದಾರೆ.

“ನಾ ಮಾತಾಡಬೇಕಂತಿದ್ದೆ. ರೇವಣಸಿದ್ದ ಮಾಸ್ತರು ಫೋನ್ ಮಾಡಿದ್ರು. ನೀವೇ ಮಾತಾಡ್ರಿ ಮೇಡಂ.” ಅಷ್ಟೇ ಹೇಳಿ ಇಟ್ಟರು.

ಇವರಿಗೆ ಎಲ್ಲ ಹೇಳಿದೆ, ಚಿಕ್ಕಮ್ಮನ ಮನೆಯ ಸುಳ್ಳೂ. ತಾಟಿನ ಮುಂದೆ ಕೂತು ಭಾಳ ಹೊತ್ತು ರೊಟ್ಟಿ ಮುರಿದರು, ತಿನ್ನಲಿಲ್ಲ.

“ಹೋಗಬ್ಯಾಡ ಅಂದ್ರ?”

“ಹೋಗ್ತೀನ್ರಿ.”

“ನನ್ನ ಹೆಸರು ಹೇಳಬ್ಯಾಡ,” ಅಂದರು.

ಮಾರ್ಚ್ 5, ಗುರುವಾರ. ಬರುವಾಗ ಟ್ರೇನಿನಲ್ಲಿ

ಕೈ ಅಲುಗಾಡುತ್ತದೆ, ಅಕ್ಷರ ಹೀಗೇ ಬರುತ್ತವೆ.

ಬೆಳಗ್ಗೆ ಸ್ಟೇಷನ್ನಿಗೆ ಇವರೇ ಗಾಡಿ ಮೇಲೆ ಬಿಟ್ಟರು. ಮಾಸ್ತರರು ನನ್ನ ಜೊತೆ ಸೇಡಮಿನಲ್ಲಿ ಹತ್ತಿದರು, ಸರ್ ಚಿತ್ತಾಪುರದಿಂದಲೇ ಕೂತು ಬಂದಿದ್ದರು.

ಸಭಾಂಗಣದಲ್ಲಿ ಎ.ಸಿ.ಯ ಚಳಿ. ಮೊದಲು ಸಿನಿಮಾದವರ ಪರವಾಗಿ ಒಬ್ಬರು ಮಾತಾಡಿದರು. ಬಿಡುಗಡೆಯಾದ ದಿನವೇ ಸಿನಿಮಾ ಎಲ್ಲರ ಮೊಬೈಲಿಗೆ ಬಂದರೆ ಲೈಟು ಹಿಡಿಯುವವನ ಮನೆ ಹೇಗೆ ನಡೆಯಬೇಕು ಅಂತ. ಖರೆ ಅನಿಸಿತು. ತಲೆ ತಗ್ಗಿಸಿದೆ.

ನನ್ನ ಹೆಸರು ಕೂಗಿದರು. ಹಾಳೆಯಲ್ಲಿ ಚೆಂದಾಗಿ ಬರೆದುಕೊಂಡು ಹೋಗಿದ್ದೆ. ‘ಮಾನ್ಯ ಸದಸ್ಯರೇ’ ಅಂತ ಶುರು ಮಾಡಿ, ಅಷ್ಟಕ್ಕೇ ನಿಲ್ಲಿಸಿದೆ. ಹಾಳೆ ಮಡಿಚಿದೆ. ಅಲ್ಲೊಬ್ಬ ಹೆಣ್ಣುಮಗಳು ಅನುವಾದ ಮಾಡಲು ಕೂತಿದ್ದಳು. ಅವಳ ಕಡೆ ನೋಡಿ ಮನೆಯಲ್ಲಿ ಮಾತಾಡಿದಂತೆ ಮಾತಾಡಿದೆ. ನೆನಪಿದ್ದಷ್ಟು ಬರೆಯುತ್ತೇನೆ.

“ನಾ ಸರಿತಾ ಅಂತ, ಸೇಡಂದಾಕಿ. ತಪ್ಪು ಮಾಡಿದಾಕಿ ನಾನೇ. ಬೀಗದಾಗ ಇಡಬೇಕಾದ ಒಂದು ಪುಸ್ತಕ ಹೊರಗ ಇಟ್ಟು ಮರ್ತೆ. ಅದನ್ನ ಬರದವರು ಇಲ್ಲೇ ಕುಂತಾರ. ಅವರಿಗಿ ನುಕ್ಸಾನ ಆಗ್ಯದ. ಆ ಪುಸ್ತಕ ತೆಗೀರಿ, ನನಗ ಏನು ಶಿಕ್ಷಾ ಕೊಡ್ತೀರಿ ಕೊಡ್ರಿ. ಆದ್ರ ಉಳಿದ ಒಂಬೈನೂರು ಪುಸ್ತಕ ಏನು ಮಾಡ್ಯಾವ? ಒಂದು ಫೋನ್ ಮಾಡಿದ್ರ ನಾ ಅರ್ಧ ತಾಸಿನಾಗ ಒಳಗ ಇಡ್ತಿದ್ದೆ. ಯಾರೂ ಮಾಡಲಿಲ್ಲ. ಆಡಕಿ ಅನ್ನೋ ಊರಾಗ ಒಬ್ಬಾಕಿ ಹುಡುಗಿ ಪರೀಕ್ಷಾಕ್ಕ ಕುಂತಾಳ. ಬಂದ್ ಆದದ್ದು ಆಕಿ ಪುಸ್ತಕ. ಕಳ್ಳರನ್ನ ಹಿಡೀಬ್ಯಾಡ್ರಿ ಅನ್ನಲ್ಲ ನಾ. ನಮ್ಮ ಮನಿಯಾಗೂ ಒಬ್ಬರು ಅದಾರ, ಕದ್ದ ಸಿನಿಮಾ ನೋಡವ್ರು. ಅವರ ಸಿನಿಮಾ ನಿನ್ನಿ ತನಾನೂ ಬಂದದ. ಈ ಹುಡುಗಿ ಪುಸ್ತಕ ಬರವಲ್ದು.”

ಕೆಲವರು ನಕ್ಕರು. ಒಬ್ಬ ಸದಸ್ಯರು ನಗಲಿಲ್ಲ. “ನೀವು ಇಲ್ಲಿ ಹೇಳಿದ್ದು ದಾಖಲಾಗುತ್ತದೆ. ನಿಮ್ಮ ಮೇಲೆ ಕೇಸು ಆಗಬಹುದು, ಗೊತ್ತಿದೆಯೇ?”

“ಗೊತ್ತದ್ರಿ.”

ಅಷ್ಟರಲ್ಲಿ ಮಾಸ್ತರರು ಎದ್ದು ಬಂದು ನನ್ನ ಪಕ್ಕಕ್ಕೆ ನಿಂತರು. ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಕೂತುಕೊಳ್ಳಿ ಅಂದರು ಸಮಿತಿಯವರು. “ಮಾತಾಡಲ್ರಿ. ಬರದವ ನಾ. ನಿಂದರ್ತೀನಿ ಅಷ್ಟೇ,” ಅಂದರು. ಮೂರು ನಿಮಿಷ ಮುಗಿದ ಗಂಟೆ ಹೊಡೆಯುವ ತನಕ ನಿಂತರು.

ಈಗ ತಾಂಡೂರು ದಾಟಿದೆ. ಮಾಸ್ತರರು ನಿದ್ದೆ ಹೋಗಿದ್ದಾರೆ. ಸರ್ ಕೇಳಿದರು, “ನೀವು ಪುಸ್ತಕ ಓದೋವಾಗ ಬ್ಯಾರೆ ದನಿ ಮಾಡ್ತೀರಲ್ಲ ಮೇಡಂ, ಯಾಕ?” ನಾನು ಅದನ್ನು ಬಿಟ್ಟು, “ಸಿಟ್ಟು ಹೋಯ್ತೇನ್ರಿ ಸರ್?” ಅಂದೆ.

“ಅದ ಇನ್ನಾ ಸ್ವಲ್ಪ. ಹೋಗ್ತದ ತಗೋರಿ.”

ಮಾರ್ಚ್ 7, ಶನಿವಾರ

ಪೇಪರಿನಲ್ಲಿ ನಾಲ್ಕು ಸಾಲು ಬಂದಿದೆ. ಇವರು ಫ್ಯಾಕ್ಟರಿಯಿಂದ ಬಂದು ಕೈಕಾಲು ತೊಳೆಯುತ್ತ, ನನ್ನ ಕಡೆ ನೋಡದೆ, “ಮನಿಯಾಗ ಒಬ್ಬರು ಅದಾರ ಅಂದಿಯಂತ?” ಅಂದರು.

“ಹೆಸರು ಹೇಳಿಲ್ಲಲ್ರಿ.”

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಭಾಳ ಹೊತ್ತು ಒರೆಸಿಕೊಂಡರು. ನಗುತ್ತಿದ್ದರೋ ಏನೋ, ತಿಳಿಯಲಿಲ್ಲ.

ಮಾರ್ಚ್ 22, ಭಾನುವಾರ

ಪರೀಕ್ಷೆಯ ಕೇಂದ್ರ ಇಲ್ಲೇ ಸೇಡಮಿನಲ್ಲಿ. ಮಾಳಮ್ಮ ಅಪ್ಪನ ಕೈ ಹಿಡಿದು ಬಂದಿದ್ದಳು. ನನ್ನ ಭುಜ, ತಲೆ ಮುಟ್ಟಿ ನೋಡಿ, “ದನಿ ಕೇಳಿ ಎತ್ತರ ಇರಬೇಕು ಅಂದ್ಕೊಂಡಿದ್ದೆ. ಗಿಡ್ಡ ಅದೀರಿ ಅಕ್ಕಾ” ಅಂದಳು.

ಗೈಡ್ ಪೂರ್ತಿ ಮುಗಿಸಿದ್ದೆವು. ಆದರೆ ಗಣಿತ, ಕಂಪ್ಯೂಟರ್, ಇತಿಹಾಸ ಎಲ್ಲ ಆ ಬೀಗದ ಹಿಂದೆಯೇ ಉಳಿದವು. ಫೋನಿನಲ್ಲಿ ಎಷ್ಟು ಅಂತ ಓದುವುದು. ಹೊರಗೆ ಬಂದಾಗ ಅವಳ ಮುಖ ಸಣ್ಣದಾಗಿತ್ತು. “ಪಂಚಾಯತಿದ್ದೆಲ್ಲಾ ಬರೆಸೀನಿ. ಕಂಪ್ಯೂಟರದ್ದು ಬಿಟ್ಟೆ.” ಅವಳೇ, “ನಡ್ರಿ ಅಕ್ಕಾ, ಬಜ್ಜಿ ತಿನ್ನಮು” ಅಂದಳು.

ಏಪ್ರಿಲ್ 8, ಬುಧವಾರ

ತೆರೆದಿದೆ!

ಸಮಿತಿಗೆ ದೇಶದ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಪತ್ರ ಹೋಗಿದ್ದವಂತೆ. ತಾಣದವರ ಮಾತು ಕೇಳದೆ ಇಡೀ ತಾಣ ಬಂದ್ ಮಾಡುವಂತಿಲ್ಲ, ತಪ್ಪಿದ್ದದ್ದನ್ನಷ್ಟೇ ತೆಗೆಸಬೇಕು ಅಂತ ಸಮಿತಿ ಬರೆದಿದೆ. ಮಸೂದೆ ವಾಪಸ್ ಹೋಯಿತು, ಸುಗ್ರೀವಾಜ್ಞೆಯ ಅವಧಿಯೂ ಮುಗಿಯಿತು. ಇನ್ನೊಂದು ರೂಪದಲ್ಲಿ ಬಂದರೂ ಬರಬಹುದು ಅಂದರು ಸರ್. ಮಾಸ್ತರರು ಒಪ್ಪಿಗೆಯ ಪತ್ರ ಕೊಟ್ಟಿದ್ದಾರೆ, ಗೈಡ್ ಬೀಗದ ಕಪಾಟಿಗೆ ಹೋಗಿದೆ, ಕೋರಂ ತಿದ್ದಿ ಓದಿದ್ದು.

ಸಂಜೆ ಠಾಣೆಯಿಂದ ಫೋನ್. ಪ್ರಕಾಶಕರು ನನ್ನ ಹೆಸರಿನ ಮೇಲೆ ಬೇರೆ ದೂರು ಕೊಟ್ಟಿದ್ದಾರೆ. ಹೇಳಿಕೆ ಕೊಡಲು ಬರಬೇಕಂತೆ.

ಏಪ್ರಿಲ್ 11, ಶನಿವಾರ

ಇವರು ರಜೆ ಹಾಕಿ ಜೊತೆಗೆ ಬಂದರು. ಒಳಗೆ ಒಬ್ಬಳೇ ಹೋಗ್ತೀನಿ ಅಂದೆ. ಹೊರಗೆ ಬೆಂಚಿನ ಮೇಲೆ ಕೂತರು.

ಬರೆದುಕೊಳ್ಳುವ ಹವಾಲ್ದಾರರು ಒಳ್ಳೆಯವರೇ. ಕುರ್ಚಿ ಕೊಟ್ಟರು, ನೀರು ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು, ಒಂದೂವರೆ ಪುಟ ಬರೆದರು, ಪೆನ್ನು ಕೈಗೆ ಕೊಟ್ಟು, “ಇಲ್ಲಿ ಸಹಿ ಹಾಕ್ರಿ ಬಾಯಾರೆ, ಮನಿಗಿ ಹೋಗ್ರಿ” ಅಂದರು.

ಓದಿದೆ. ಓದುವುದು ಅಂದರೆ ಬಾಯಿ ತೆಗೆದೇ ಓದುವುದು ನನಗೆ ರೂಢಿ, ಜೋರಾಗಿಯೇ ಬಂತು. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಎರಡನೇ ಪುಟದಲ್ಲಿ ಹೀಗಿತ್ತು: ‘ಗೃಹಿಣಿಯಾದ ನಾನು ಈ ವಿಷಯದಲ್ಲಿ ಏನೂ ತಿಳಿಯದವಳಾಗಿದ್ದು, ಸಂಘಪಾಲ ಎಂಬವರು ಹೇಳಿದಂತೆ ಸದರಿ ಪುಸ್ತಕವನ್ನು ಓದಿ ಹಾಕಿರುತ್ತೇನೆ.’

“ನಾ ಹಿಂಗ ಹೇಳಿಲ್ಲಲ್ರಿ.”

“ನಿಮ್ಮ ಚಲೋಕ್ಕೇ ಬರದೀನಿ. ಹಿಂಗಿದ್ರ ನಿಮಗ ತ್ರಾಸ್ ಇರಲ್ಲ, ಮುಂದಿಂದು ಅವರು ನೋಡ್ಕೋತಾರ.”

“ಸರ್ ನನಗ ಹೇಳಿಲ್ರಿ. ಅವರಿಗಿ ಗೊತ್ತೇ ಇದ್ದಿಲ್ಲ. ನಾ ತಿಳದೇ ಓದೀನಿ. ಎದಕ್ಕ ಓದಬೇಕು, ಯಾರಿಗಿ ಓದಬೇಕು ಎಲ್ಲಾ ಗೊತ್ತಿತ್ತು. ಹೊರಗ ಇಟ್ಟು ಮರ್ತದ್ದೂ ನಾನೇ. ಅದನ್ನ ಹೊಡದು ಹಾಕ್ರಿ.”

ಅವರು ನನ್ನ ಮುಖ ನೋಡಿದರು. “ಕೋರ್ಟಿಗಿ ತಿರುಗಬೇಕಾಗ್ತದ ಬಾಯಾರೆ. ಹೊರಗ ಯಜಮಾನ್ರು ಕುಂತಾರಲ್ಲ, ಅವರನ್ನೊಂದು ಮಾತು ಕೇಳಿ ಬರ್ರಿ.”

ಬಾಗಿಲಿನಿಂದ ಇವರು ಕಾಣುತ್ತಿದ್ದರು. ಅವರೂ ನನ್ನನ್ನೇ ನೋಡುತ್ತಿದ್ದರು.

“ಅವರನ್ನ ಯಾಕ ಕೇಳಬೇಕ್ರಿ,” ಅಂದೆ. “ಬ್ಯಾರೆ ಹಾಳಿ ತಗೋರಿ. ನಾ ನಿಧಾನಕ ಹೇಳ್ತೀನಿ, ಬರ್ಕೊಳ್ರಿ.”

ಹವಾಲ್ದಾರರು ಹೊಸ ಹಾಳೆ ತೆಗೆದರು. ನಾನು ಮೊದಲಿನಿಂದ ಹೇಳಿದೆ.